ಖಾಲಿ ಓಡುವ ಮೋಟಾರಿನ ಆಂಪಿಯರ್ ಎಲ್ಲಾ ದಂಡವಲ್ಲ

‘ಲೋಡ್ ಇಲ್ಲದೆಯೂ ಮೋಟಾರ್ ಅರ್ಧ ಕರೆಂಟ್ ಎಳೆದರೆ ಅರ್ಧ ವಿದ್ಯುತ್ ದಂಡ’ ಅಂತ ಬರೆದಿದ್ದೀರಿ. ಇದು ಸರಿಯಲ್ಲ ಸರ್. ಅದರಲ್ಲಿ ಬಹುಪಾಲು ಕಾಂತಕ್ಷೇತ್ರ ಹುಟ್ಟಿಸುವ ಕರೆಂಟ್. ಸ್ಟೇಟರ್ (ನಿಂತಿರುವ ಭಾಗ), ರೋಟರ್ (ತಿರುಗುವ ಭಾಗ) ನಡುವಿನ ಏರ್ ಗ್ಯಾಪನ್ನು, ಅಂದರೆ ಗಾಳಿ ಸಂದನ್ನು, ಆ ಕ್ಷೇತ್ರ ದಾಟಬೇಕಲ್ವಾ, ಅದಕ್ಕೇ ಅಷ್ಟು ಬೇಕು. ಅದು ವೋಲ್ಟೇಜಿಗಿಂತ ಹೆಚ್ಚುಕಡಿಮೆ 90 ಡಿಗ್ರಿ ಹಿಂದಿರುತ್ತದೆ. ಹಾಗಾಗಿ ಎಳೆದ ಶಕ್ತಿ ಬಹುಪಾಲು ಲೈನಿಗೇ ವಾಪಸ್ ಹೋಗುತ್ತದೆ, ವ್ಯಾಟ್ ಲೆಕ್ಕಕ್ಕೆ ಬರುವುದು ಸ್ವಲ್ಪವೇ. ತಂತಿ ಬಿಸಿಯಾಗಲು ಒಂದಿಷ್ಟು ಹೋಗುತ್ತದೆ, ಅದನ್ನು ಒಪ್ಪುತ್ತೇನೆ.

ಹುಬ್ಬಳ್ಳಿ ಗೋಕುಲ ರೋಡ್ ಕಡೆ ನಮ್ಮದು ರಿವೈಂಡಿಂಗ್ (ಮೋಟಾರಿಗೆ ಹೊಸದಾಗಿ ತಂತಿ ಸುತ್ತುವ) ಕೆಲಸ. ತ್ರೀ ಫೇಸ್ 5 ಎಚ್‌ಪಿ ಮೋಟಾರ್ ಖಾಲಿ ಓಡುವಾಗ ಟಾಂಗ್ ಟೆಸ್ಟರ್ (ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) 3 ಆಂಪಿಯರ್ ತೋರಿಸಿದರೆ ಸುಮ್ನೆ ತಲೆ ಕೆಡಿಸಿಕೊಳ್ಳುವುದಿಲ್ಲ. 6 ತೋರಿಸಿದರೆ ಬಿಚ್ಚಿ ಸುತ್ತು ಎಣಿಸುತ್ತೇವೆ. ತಾಮ್ರ ಉಳಿಸಲು ಯಾರಾದರೂ ಸುತ್ತು ಕಡಿಮೆ ಹಾಕಿದ್ದರೆ ಫ್ಲಕ್ಸ್ (ಕಾಂತಕ್ಷೇತ್ರ) ಜಾಸ್ತಿಯಾಗಿ ಕೋರ್, ಅಂದರೆ ಒಳಗಿನ ಕಬ್ಬಿಣ, ಸ್ಯಾಚುರೇಟ್ ಆಗಿರುತ್ತದೆ (ಇನ್ನು ಹಿಡಿಯಲಾರದಷ್ಟು ತುಂಬಿರುತ್ತದೆ), ಅದಕ್ಕೇ ಕರೆಂಟ್ ಅಷ್ಟು ಏರುತ್ತದೆ. ಚಿಂತೆ ಮಾಡಬೇಕಾದ್ದು ಆಗ.