ಕೋವಿಗೂ ಒಂದು ಕಾಗದವಿದೆ

ಕಾಫಿ ತೋಟದ ಮಳೆ ಅಳೆಯುವ ‘ನೂರಕ್ಕೆ ನೂರು ಸ್ವದೇಶಿ’ ಪೆಟ್ಟಿಗೆಯನ್ನು ನೀವೂ ನೋಡಿರುತ್ತೀರಿ. ನಾನು ಕೊಂಡದ್ದನ್ನು ಚಾಲೂ ಮಾಡಿದಾಗ ಪರದೆಯ ಮೇಲೆ ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ಹೆಸರು ಸರ್ರನೆ ಓಡಿಹೋಯಿತು. ಮಾರಿದ ಹುಡುಗನಿಗೆ, “ಇದರ ಸೋರ್ಸ್ ಕೋಡ್, ಅಂದರೆ ತಂತ್ರಾಂಶದ ಮೂಲ ಬರಹ, ಕೊಡುತ್ತೀರಾ?” ಎಂದೆ. “ಅದು ಕಂಪನಿಯ ಗುಟ್ಟು, ಸರ್” ಎಂದ. 1992ರಿಂದ ಜಿಪಿಎಲ್ ಎಂಬ ಪರವಾನಗಿಯ ಅಡಿಯಲ್ಲಿ ಜಗತ್ತಿಗೆಲ್ಲ ತೆರೆದಿಟ್ಟಿರುವ ಲಿನಕ್ಸ್ ಕೋಡು ಗೋಣಿಕೊಪ್ಪಕ್ಕೆ ಬರುವಷ್ಟರಲ್ಲಿ ಗುಟ್ಟಾಗಿದೆ. ಭಲೇ!

ಆ ಪರವಾನಗಿ ಕೇಳುವುದಾದರೂ ಏನು? ಬಿಟ್ಟಿಯಾಗಿ ಒಯ್ಯಿರಿ, ತಿದ್ದಿರಿ, ಮಾರಿ ದುಡ್ಡು ಮಾಡಿ. ಮಾರುವಾಗ ಕೋಡನ್ನೂ ಜೊತೆಗೆ ಕೊಡಿ, ಇಲ್ಲವೇ ಕೇಳಿದವರಿಗೆ ಕೊಡುತ್ತೇವೆಂದು ಮೂರು ವರ್ಷದ ಭರವಸೆ ಬರೆದುಕೊಡಿ. ಎಂಐಟಿ ಎಂಬ ಇನ್ನೊಂದು ಪರವಾನಗಿಯಂತೂ ಇನ್ನೂ ಪಾಪದ್ದು: ಬರೆದವನ ಹೆಸರಿನ ಸಾಲನ್ನೂ ಪರವಾನಗಿಯ ಒಕ್ಕಣೆಯನ್ನೂ ಅಳಿಸಬೇಡಿ ಎನ್ನುತ್ತದೆ, ಅಷ್ಟೇ. ಅದನ್ನೇ ಮೊದಲು ಅಳಿಸುತ್ತಾರೆ.

ನಮ್ಮ ಕೊಡಗನ್ನು ನೋಡಿ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿ ಬೇಡ. ಬ್ರಿಟಿಷರ ಕಾಲದ ಈ ವಿನಾಯಿತಿ ಸದ್ಯ 2029ರವರೆಗೆ ಇದೆ. ಆದರೆ ಪರವಾನಗಿ ಬೇಡ ಎನ್ನುವುದಕ್ಕೂ ಒಂದು ವಿನಾಯಿತಿ ಪತ್ರ ಬೇಕು, ಅದಕ್ಕೊಂದು ಅರ್ಜಿ, ಅರ್ಜಿಗೆ ದಾಖಲೆಗಳು. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕೇ ಬೇಡವೇ ಎಂಬ ಜಗ್ಗಾಟ. ಆಯುಧ ಪೂಜಿಸುವ ಹಬ್ಬವಾದ ಕೈಲ್ ಮುಹೂರ್ತದಂದು ಹೂವಿಟ್ಟು ಪೂಜಿಸಿದ ಕೋವಿಗೇ ಇಷ್ಟು ಕಾಗದ! ನಮ್ಮ ತಂತ್ರಾಂಶ ವೀರರು ಮಾತ್ರ ಪರವಾನಗಿಯ ಒಂದು ಕಡತವನ್ನೂ ಇಡದೆ ಕೋಡನ್ನು ಅಂತರ್ಜಾಲಕ್ಕೆ ಏರಿಸಿ ‘ಓಪನ್ ಸೋರ್ಸ್’, ಎಲ್ಲರಿಗೂ ಮುಕ್ತ ಎಂದು ಘೋಷಿಸಿಬಿಡುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮೂ ಸಾಹಿತ್ಯ ಕೃತಿಯೇ. ಅನುಮತಿ ಬರೆದಿಡದಿದ್ದರೆ ಯಾರೂ ಮುಟ್ಟುವಂತಿಲ್ಲ.

ದೊಡ್ಡವರ ಆಟವೇ ಬೇರೆ. ಮದುವೆಗೆ ಕರೆದು, ಎಲೆ ಹಾಕಿ, ಪಾಯಸ ಬಡಿಸುವಾಗ ಬಿಲ್ ತರುವವರು. ಮುಕ್ತವಾಗಿದ್ದ ತಂತ್ರಾಂಶಗಳಲ್ಲಿ 2018ರಲ್ಲಿ ಮೊಂಗೋಡಿಬಿ, 2021ರಲ್ಲಿ ಎಲಾಸ್ಟಿಕ್, 2023ರಲ್ಲಿ ಟೆರಾಫಾರ್ಮ್ ಪರವಾನಗಿಯನ್ನು ಬಿಗಿಗೊಳಿಸಿದವು. ರೆಡಿಸ್ 2024ರಲ್ಲಿ ಬಾಗಿಲು ಹಾಕಿಕೊಂಡು 2025ರಲ್ಲಿ ಮತ್ತೆ ತೆರೆಯಿತು. ಅಂತರ್ಜಾಲದಲ್ಲಿ ಕಂಪ್ಯೂಟರ್ ಬಾಡಿಗೆಗೆ ಕೊಡುವ ಕ್ಲೌಡ್ ಕಂಪನಿಗಳು ಬಿಟ್ಟಿ ದುಡಿಸಿಕೊಳ್ಳುತ್ತಿವೆ ಎಂಬ ಅವರ ದೂರು ಸುಳ್ಳೇನಲ್ಲ. ಆದರೆ ವರ್ಷಗಟ್ಟಲೆ ಕೋಡು ತಿದ್ದಿಕೊಟ್ಟ ಹೊರಗಿನವರನ್ನು ಒಂದು ಮಾತು ಕೇಳಿದರೇ?

ಇದನ್ನೆಲ್ಲ ಕಾಯುವವರು ಯಾರು? ಬರೆದವನೇ. 2004ರಲ್ಲಿ ಲಿನಕ್ಸ್ ಕೋಡು ಬರೆದವರಲ್ಲೊಬ್ಬರಾದ ಜರ್ಮನಿಯ ಹೆರಾಲ್ಡ್ ವೆಲ್ಟೆ, ಜಿಪಿಎಲ್ ಮುರಿದ ರೂಟರ್ ಕಂಪನಿಯೊಂದರ ವಿರುದ್ಧ ಮ್ಯೂನಿಕ್ ನ್ಯಾಯಾಲಯದಲ್ಲಿ ತಡೆಯಾಜ್ಞೆ ತಂದರು. ಎಲ್ಲರಿಗೂ ಆ ಛಲ ಎಲ್ಲಿಂದ ಬರಬೇಕು? ನಿದ್ದೆಗೆಟ್ಟು ಬರೆದದ್ದನ್ನು ಬಿಟ್ಟಿ ಕೊಟ್ಟವನು ವಕೀಲರ ಫೀಸನ್ನೂ ತಾನೇ ಕಟ್ಟಬೇಕು. ಇದಕ್ಕೆ ನಗು ಬರುವುದಿಲ್ಲ, ಹೇಸಿಗೆಯಾಗುತ್ತದೆ.