ವಾರಕ್ಕೊಂದೇ ಮಾತ್ರೆ ಸಾಕು ಅಂದರೆ ಅವ್ವನಿಗೆ ಕೊಡಲಾ?

ಪ್ರತಿ ಭಾನುವಾರ ಬೆಳಿಗ್ಗೆ ಮೈಸೂರಿಂದ ರೈಲು ಹತ್ತಿ ಮಂಡ್ಯಕ್ಕೆ ಹೋಗುತ್ತೇನೆ. ಅವ್ವ ಕಾಫಿ ಕಾಯಿಸುವಷ್ಟರಲ್ಲಿ ಹುರುಳಿಕಾಳಿನ ಡಬ್ಬದ ಹಿಂದೆ ಕೈಹಾಕಿ ಖಿನ್ನತೆಯ ಮಾತ್ರೆ ಶೀಟು ತೆಗೆದು ಎಣಿಸುತ್ತೇನೆ. ಏಳು ಖಾಲಿ ಇರಬೇಕು. ಹೋದ ತಿಂಗಳು ಒಂದು ವಾರ ಮೂರೇ ಖಾಲಿ ಆಗಿದ್ದವು. ಕೇಳಿದರೆ "ನೆಂಟ್ರು ಬಂದಿದ್ರು ಕಣ್ ಮಗಾ, ಅವ್ರ ಮುಂದೆ ಎಂಗ್ ನುಂಗ್ಲಿ" ಅಂದಳು. ಬಿಪಿ ಮಾತ್ರೆ ಎಲ್ಲರ ಎದುರಿಗೇ ನುಂಗುತ್ತಾಳೆ. ಇದನ್ನು ಮಾತ್ರ ಬಚ್ಚಿಡಬೇಕು. ಹೊಟ್ಟೆ ಉರಿಯುತ್ತದೆ ನನಗೆ.

ಅದಕ್ಕೇ ಖಿನ್ನತೆಗೆ ವಾರಕ್ಕೊಂದೇ ಮಾತ್ರೆ ಇದೆ ಅಂತ ಓದಿದಾಗ ತುಂಬ ಆಸೆಯಾಯಿತು. ಹೊಸ ಔಷಧಿಯೇನಲ್ಲ, ಅವ್ವ ತಗೊಳ್ಳುವ ಫ್ಲುಯೋಕ್ಸೆಟಿನ್ನೇ. ದಿನದ್ದು 20 ಮಿಲಿಗ್ರಾಂ, ವಾರದ್ದು 90. ಅಮೆರಿಕದಲ್ಲಿ 2001ರಲ್ಲೇ ಪ್ರೊಝ್ಯಾಕ್ ವೀಕ್ಲಿ ಅನ್ನೋ ಹೆಸರಲ್ಲಿ ಒಪ್ಪಿಗೆ ಸಿಕ್ಕಿತ್ತು. ಈ ಔಷಧಿ ಮೈಯಿಂದ ಬೇಗ ಇಳಿಯುವುದಿಲ್ಲ. ದಿನಾ ತಗೊಂಡು ರೂಢಿಯಾದವರಲ್ಲಿ ಅರ್ಧಕ್ಕೆ ಇಳಿಯೋಕೇ 4ರಿಂದ 6 ದಿನ ಬೇಕು, ಲಿವರ್ ಅದನ್ನು ಒಡೆದಾಗ ಹುಟ್ಟುವ ಇನ್ನೊಂದು ವಸ್ತು ಅದಕ್ಕಿಂತ ಜಾಸ್ತಿ ದಿನ ಉಳಿದು ಕೆಲಸ ಮಾಡುತ್ತದೆ, ಹಾಗಾಗಿ ವಾರಕ್ಕೊಂದು ನಡೆಯುತ್ತದೆ.

ಭಾನುವಾರ ನಾನೇ ಕೈಯಾರೆ ಕೊಟ್ಟು ಬರಬಹುದಲ್ವಾ? ನೆಂಟರಿಗೂ ಗೊತ್ತಾಗಲ್ಲ, ಶೀಟು ಎಣಿಸೋದೂ ಬೇಡ.

ಆದರೆ ಒಂದು ಭಾನುವಾರ ನಾನು ಹೋಗಲಿಲ್ಲ ಅಂದರೆ ತಪ್ಪೋದು ಒಂದು ದಿನದ್ದಲ್ಲ, ಇಡೀ ವಾರದ್ದು. ಮೈಗೆ ಒಗ್ಗಲಿಲ್ಲ ಅಂದರೆ ನುಂಗಿದ 90ನ್ನು ವಾಪಸ್ ತೆಗೆಯೋಕಾಗಲ್ಲ, ವಾರಗಟ್ಟಲೆ ಒಳಗೇ ಇರುತ್ತದೆ. ದಿನದ್ದೂ ನಿಧಾನವಾಗೇ ಇಳಿಯೋದು, ನಿಜ. ಆದರೂ 20ರಲ್ಲಿ ಡಾಕ್ಟರಿಗೆ ಸ್ವಲ್ಪ ಹೆಚ್ಚು ಕಮ್ಮಿ ಮಾಡೋಕೆ ಜಾಗ ಇರುತ್ತದೆ. ಅವ್ವ ಮಂಡಿನೋವಿಗೆ ಅಂತ ಅಂಗಡಿಯಿಂದ ಸುಮ್ನೆ ತಂದು ನುಂಗುವ ನೋವಿನ ಮಾತ್ರೆ ಬೇರೆ ಇದೆ. ಫ್ಲುಯೋಕ್ಸೆಟಿನ್ ಜೊತೆ ಅಂಥ ಕೆಲವು ಮಾತ್ರೆ ಸೇರಿದರೆ ಹೊಟ್ಟೆಯಲ್ಲಿ ರಕ್ತ ಸೋರುವ ಭಯ ಜಾಸ್ತಿ. ಆ ನೋವಿನ ಮಾತ್ರೆಯನ್ನು ಮೊದಲು ನಿಲ್ಲಿಸಿದೆ.

ಡಾಕ್ಟರನ್ನು ಕೇಳಿದೆ. ದಿನಾ 20 ತಗೊಂಡು ಗುಣ ಕಂಡು, ಹಾಗೇ ನೆಲೆ ನಿಂತವರಿಗಷ್ಟೇ ವಾರದ ಮಾತ್ರೆ ಅಂದರು. ದಿನದ ಮಾತ್ರೆ ನಿಲ್ಲಿಸಿ ಏಳು ದಿನ ಬಿಟ್ಟು ವಾರದ್ದು ಶುರು ಮಾಡಬೇಕಂತೆ. ಅಂದರೆ ಮರೆಯುವವರು ಮೊದಲು ಮರೆಯದೇ ನುಂಗಿ ತೋರಿಸಬೇಕು! ಬೇಜಾರಾಯಿತು. ಆದರೆ ಅವರು ಹೇಳಿದ್ದು ಸರಿ, ಅವ್ವ ಇನ್ನೂ ನೆಲೆ ನಿಂತಿಲ್ಲ. ಇನ್ನೊಂದು ಮಾತು ರಾತ್ರಿಯೆಲ್ಲ ಕೊರೆಯಿತು. ಬಚ್ಚಿಡೋದನ್ನು ಬಿಡಿಸೋ ಬದಲು, ಚೆನ್ನಾಗಿ ಬಚ್ಚಿಡೋಕೆ ನಾನೇ ದಾರಿ ಹುಡುಕುತ್ತಿದ್ದೆ.

ಮುಂದಿನ ಭಾನುವಾರ ಅವ್ವನ ಹತ್ತಿರ ಕೂತು ಮಾತಾಡಿದೆ. ಸುಮಾರು ಹೊತ್ತು ಸುಮ್ಮನಿದ್ದಳು. ಆಮೇಲೆ ಅವಳೇ ಎದ್ದು ಶೀಟು ತಂದು ಬಿಪಿ ಮಾತ್ರೆ ಡಬ್ಬಿಗೆ ಹಾಕಿದಳು. ವಾರದ ಮಾತ್ರೆ ವಿಚಾರ ನಾನು ಕೈಬಿಟ್ಟಿಲ್ಲ, ಆರು ತಿಂಗಳು ಸರಿಯಾಗಿ ನಡೆದರೆ ಡಾಕ್ಟರನ್ನು ಮತ್ತೆ ಕೇಳುತ್ತೇನೆ.

ಹೋದ ಭಾನುವಾರ ಎಣಿಸಿದೆ. ಆರು ಖಾಲಿ.

"ಗುರ್ವಾರದ್ದು ಒಂದು ಬಿಟ್ಟೋಯ್ತು" ಅಂದಳು, ನಾನು ಕೇಳುವ ಮೊದಲೇ.