ಪಕ್ಕದವರ ಕಿರಿಕಿರಿ: ಮುಖಕ್ಕೇ ಹೇಳಬೇಕೆ?

ಪರ: ಹೇಳಲೇಬೇಕು

ಶಿರಸಿಯಿಂದ ಕುಮಟೆಗೆ ಸುಮಾರು 60 ಕಿ.ಮೀ. ದೇವಿಮನೆ ಘಟ್ಟದ ತಿರುವುಗಳಲ್ಲಿ ಅಮ್ಮನಿಗೆ ಮೊದಲಿನಿಂದಲೂ ಹೊಟ್ಟೆ ತೊಳಸುತ್ತದೆ. ನಿಂಬೆಹಣ್ಣು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಕೂರುತ್ತಾಳೆ. ಕಳೆದ ಮಳೆಗಾಲದಲ್ಲಿ ಹಾಗೆ ಕೂತಿದ್ದಾಗ ಹಿಂದಿನ ಸೀಟಿನ ಹುಡುಗ ಮೊಬೈಲಿನಲ್ಲಿ ರೀಲ್ಸ್ ಹಾಕಿದ. ಅರೆಬರೆ ಹಾಡು, ಕಿರುಚಾಟ, ಮತ್ತೆ ಅದೇ ನಗು. ಮಳೆಗೆ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಬಸ್ಸಿನವರೆಲ್ಲ ಮುಖ ಸಿಂಡರಿಸಿದರು, ಒಬ್ಬರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಕೊನೆಗೆ ಅಮ್ಮನೇ ಹಿಂದೆ ತಿರುಗಿ, "ತಮಾ, ತಲೆ ಸಿಡೀತಾ ಇದ್ದು, ಚೂರು ಸಣ್ಣ ಮಾಡ್ತ್ಯಾ?" ಅಂದಳು. ಹುಡುಗ ಗಾಬರಿಯಿಂದ ಬಂದ್ ಮಾಡಿ, "ಗೊತ್ತಾಗಲಿಲ್ಲ ಅಮ್ಮ" ಅಂದ. ಕತಗಾಲ ಬರುವಷ್ಟರಲ್ಲಿ ಅಮ್ಮನ ಚೀಲ ಅವನ ತೊಡೆಯ ಮೇಲಿತ್ತು.

ಗೊತ್ತಾಗಲಿಲ್ಲ. ಈ ಮಾತನ್ನು ನಾನು ಪೂರ್ತಿ ನಂಬುತ್ತೇನೆ. ಹೇಳದಿದ್ದರೆ ಗೊತ್ತಾಗುವುದಾದರೂ ಹೇಗೆ? ನಾವು ಬಸ್ಸಿನಲ್ಲಿ ಹಲ್ಲು ಕಚ್ಚಿ ಕೂರುತ್ತೇವೆ, ಮನೆಗೆ ಬಂದು "ಈಗಿನ ಹುಡುಗರು" ಎಂದು ಬೈಯುತ್ತೇವೆ. ಆ ಬೈಗುಳ ಯಾವ ಹುಡುಗನ ಕಿವಿಗೂ ಬೀಳುವುದಿಲ್ಲ.

ಕಂಡಕ್ಟರ್ ಇದ್ದಾರಲ್ಲ ಎನ್ನಬಹುದು. ಬಸ್ಸಿನಲ್ಲಿ ಜೋರಾಗಿ ಮೊಬೈಲ್ ಹಾಕಬಾರದು, ಕೇಳದಿದ್ದರೆ ಇಳಿಸಬಹುದು ಎಂದು ಕೆಎಸ್‌ಆರ್‌ಟಿಸಿ 2021ರ ನವೆಂಬರಿನಲ್ಲೇ ಸುತ್ತೋಲೆ ಹೊರಡಿಸಿತ್ತು. ನಮ್ಮ ಕಡೆ ಓಡುವುದು ವಾಯವ್ಯ ಸಾರಿಗೆಯ ಬಸ್ಸು. ಯಾವ ನಿಗಮವಾದರೇನು, 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಟಿಕೆಟ್ ಹರಿದು ಮುಗಿಸುವುದೇ ಆ ಮನುಷ್ಯನಿಗೆ ಸಾಹಸ. ಅವರಿಂದ ಇದನ್ನೂ ಕೇಳುವುದು ಅನ್ಯಾಯ. ಪಕ್ಕದಲ್ಲಿ ಕೂತವರು ನಾವು, ಹೇಳಬೇಕಾದವರೂ ನಾವೇ.

"ಜಗಳವಾದರೆ?" ಎನ್ನುವವರ ಮಾತು ಕೇಳಿದರೆ ಪ್ರತಿ ಪ್ರಯಾಣಿಕನ ಚೀಲದಲ್ಲೂ ಕತ್ತಿ ಇದೆ ಎಂದುಕೊಳ್ಳಬೇಕು. ಅಮ್ಮ ಜಗಳ ಮಾಡಲಿಲ್ಲ. ತನಗೆ ಏನಾಗುತ್ತಿದೆ ಎಂದಷ್ಟೇ ಹೇಳಿದಳು. ಕುಡ್ಲೆ ಕಡಲತೀರದಲ್ಲಿ ಬಾಟಲಿ ಬಿಟ್ಟು ಏಳುವವರಿಗೂ ಹೀಗೇ ಹೇಳಬೇಕು, ಸರತಿಯಲ್ಲಿ ನುಗ್ಗುವವರಿಗೂ ಹೇಳಬೇಕು. ನಾನು ಈಗ ಹೇಳುತ್ತೇನೆ, ಅಮ್ಮನ ಧ್ವನಿಯಲ್ಲೇ ಹೇಳಲು ಪ್ರಯತ್ನಿಸುತ್ತೇನೆ.

ವಿರೋಧ: ಎಲ್ಲ ಕಡೆ ಬೇಡ

ಈ ಪಕ್ಷ ನನ್ನ ಪಾಲಿಗೆ ಬಂದದ್ದು. ಮಧ್ಯಾಹ್ನದ ಬಸ್ಸು, ನಾಲ್ಕು ಜನರ ನಡುವೆ ಎಂದಾದರೆ ನನ್ನದೂ ಅದೇ ಅಭಿಪ್ರಾಯ. ಆದರೆ ಎಲ್ಲ ಹೊತ್ತೂ ಮಧ್ಯಾಹ್ನವಲ್ಲ.

ಸಾರ್ವಜನಿಕ ಸ್ಥಳದಲ್ಲಿ ಸಿಗರೇಟು ಸೇದಬಾರದೆಂಬ ನಿಯಮ 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿದೆ. ಆ ಧೈರ್ಯದಲ್ಲೇ ಒಂದು ಸಂಜೆ ಕಾರವಾರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಪಕ್ಕದಲ್ಲಿ ಹೊಗೆ ಬಿಡುತ್ತಿದ್ದವನಿಗೆ "ಸ್ವಲ್ಪ ಆಚೆ ಹೋಗಿ" ಎಂದೆ. ಮೆಲ್ಲಗೇ ಹೇಳಿದ್ದೆ. ಅವನು ಏನೂ ಮಾತಾಡಲಿಲ್ಲ. ನಾನು ಹತ್ತಿದ ಬಸ್ಸನ್ನೇ ಹತ್ತಿದ, ನಾನು ಇಳಿದಲ್ಲಿ ಇಳಿದ, ನಮ್ಮ ಓಣಿಯ ತಿರುವಿನವರೆಗೆ ಹಿಂದೆ ಬಂದ. ಪರಿಚಯದ ಅಂಗಡಿಗೆ ಹೊಕ್ಕು, ಅಣ್ಣ ಬರುವವರೆಗೆ ಅಲ್ಲೇ ನಿಂತೆ.

ವಯಸ್ಸಾದ ತಾಯಿಗೆ ಸಿಗುವ ಮರ್ಯಾದೆ ಒಂಟಿ ಹೆಂಗಸಿಗೆ ಸಿಗುವುದಿಲ್ಲ. ನಿಯಮ ಮಾಡಿದವರು, ದಂಡ ಹಾಕುವವರು ಬೇರೆಯೇ ಇದ್ದಾರೆ. ಸಂಬಳ ಇರುವುದು ಅವರಿಗೆ. ದೂರ ಸರಿದು ನಿಂತರೆ ಅದನ್ನು ಹೇಡಿತನ ಎನ್ನಬೇಡಿ.

ಆ ನಿಲ್ದಾಣಕ್ಕೆ ಈಗಲೂ ದಿನಾ ಹೋಗುತ್ತೇನೆ. ಕಂಬದ ಹತ್ತಿರ ನಿಲ್ಲುವುದಿಲ್ಲ. ಎದುರಿನ ಹಣ್ಣಿನಂಗಡಿಯ ಬೆಳಕಿನಲ್ಲಿ ನಿಂತು, ಬಸ್ಸು ಕಂಡ ಮೇಲೆ ರಸ್ತೆ ದಾಟುತ್ತೇನೆ.